ಮುಂದಿನ ಪದರ

ಕಣ್ಣಾಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು 'ಇನ್ನೊಂದ್ಸಲಕ್ಕ'. ಯಾವ ರೋಗಿಯ ಕಣ್ಣು ನೋಡಿ ಮುಗಿಸಿದರೂ "ಒಂದ್ನಿಮಿಷ, ಇನ್ನೊಂದ್ಸಲ ನೋಡ್ಬಿಡ್ತೀನಿ" ಎನ್ನದೆ ಬಿಟ್ಟವಳಲ್ಲ. ಮನೆಯಲ್ಲೂ ಅಷ್ಟೇ. ಬೀಗ ಹಾಕಿ, ಎಳೆದು ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಎಳೆದು ನೋಡುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತಿತ್ತು. "ನಿನ್ನ ಕಾಟ ತಡೀಲಾರದೆ ಒಂದಿನ ಆ ಬೀಗ ತಾನಾಗೇ ಕಳಚಿ ಬೀಳತ್ತೆ ನೋಡು" ಎಂದು ಗಂಡ ಛೇಡಿಸುತ್ತಿದ್ದ.

ಅವಳು ನಡೆಸುತ್ತಿದ್ದದ್ದು ಕಾನ್‌ಫೋಕಲ್ ಸೂಕ್ಷ್ಮದರ್ಶಕ. ಮೊದಲ ಮಹಡಿಯ ಕೊನೆಯ ಕೋಣೆಯಲ್ಲಿ, ಕಪ್ಪು ಪರದೆಯ ಹಿಂದೆ ಅದರ ವಾಸ. ಸಣ್ಣದೊಂದು ಲೇಸರ್ ಚುಕ್ಕೆ ಹೊಲ ಉತ್ತ ಹಾಗೆ ಕಣ್ಣಿನ ಮೇಲೆ ಸಾಲುಸಾಲಾಗಿ ಓಡಾಡುತ್ತದೆ. ಮರಳಿ ಬರುವ ಬೆಳಕು ಸೂಜಿಮೊನೆಯಂಥ ತೂತಿನಲ್ಲಿ ಹಾದುಬರಬೇಕು. ನೋಡಬೇಕಾದ ಪದರದಿಂದ ಬಂದ ಬೆಳಕಷ್ಟೇ ಆ ತೂತಿನಲ್ಲಿ ನುಸುಳುತ್ತದೆ. ಅದರ ಮೇಲಿನದು, ಕೆಳಗಿನದು ಎಲ್ಲ ಆಚೆಯೇ ಉಳಿಯುತ್ತದೆ. ಹಾಗಾಗಿ ಚಾಕು ಮುಟ್ಟಿಸದೆಯೇ ಕಣ್ಣನ್ನು ಕಾಗದಕ್ಕಿಂತ ತೆಳುವಾಗಿ ಪದರ ಪದರ ಬಿಡಿಸಿ ನೋಡಬಹುದು. ಚಕ್ರ ತಿರುಗಿಸಿದಂತೆಲ್ಲ ಒಂದೊಂದು ಪದರ. ಎಲ್ಲವನ್ನೂ ಒಂದರ ಮೇಲೊಂದು ಜೋಡಿಸಿದರೆ ಉದ್ದ, ಅಗಲ, ಆಳ ಎಲ್ಲವೂ ಇರುವ ಇಡೀ ಚಿತ್ರ. "ಇದು ನೋಡೋ ಯಂತ್ರ ಅಲ್ಲ, ಬೇಡದ್ದನ್ನ ನೋಡದೇ ಇರೋ ಯಂತ್ರ" ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಹಗಲೆಲ್ಲ ಅಂಗಡಿಯೊಂದರಲ್ಲಿ ದುಡಿದು, ಸಂಜೆ ತೂಕಡಿಸುತ್ತ ಕಲಿತ ವಿದ್ಯೆ ಅದು. ಅದಕ್ಕೋ ಏನೋ, ತನಗೆ ಗೊತ್ತಿರುವುದು ನಿಜವಾಗಿ ಗೊತ್ತಿದೆ ಎಂಬ ಧೈರ್ಯ ಅವಳಿಗೆ ಎಂದೂ ಬರಲಿಲ್ಲ. ತಾನು ತೂಕಡಿಸಿದ ಹೊತ್ತಿನಲ್ಲೇ ಮೇಷ್ಟ್ರು ಮುಖ್ಯವಾದದ್ದನ್ನು ಹೇಳಿ ಮುಗಿಸಿರಬಹುದು ಎಂಬ ಗುಮಾನಿ ಅವಳನ್ನು ಬಿಟ್ಟಿರಲಿಲ್ಲ.

ಆ ದಿನ ಬೆಳಗ್ಗೆ ಯಂತ್ರಕ್ಕೆ ಗದ್ದ ಊರಿ ಕೂತಿದ್ದವನು ಒಬ್ಬ ಬಡಗಿ. ಹಲಗೆ ಕೊಯ್ಯುವಾಗ ಸಿಬಿರು ಹಾರಿ ಅವನ ಬಲಗಣ್ಣಿಗೆ ಚುಚ್ಚಿತ್ತು. ಸಿಬಿರು ಹೋಯಿತು, ಅದರ ಜೊತೆ ಬಂದ ಬೂಷ್ಟು ಉಳಿಯಿತು. ಕಣ್ಣಿನ ಮೇಲೆ ಗಡಿಯಾರದ ಗಾಜಿನ ಹಾಗೆ ಕೂತಿರುವ ಕಾರ್ನಿಯಾದ ನಟ್ಟನಡುವೆ ಬೂದುಬಣ್ಣದ ಕಲೆಯಾಗಿ ಬೇರೂರಿತ್ತು. ಹಗಲಿರುಳು ಔಷಧಿ ಹನಿ ಬಿಟ್ಟರೂ ಕಲೆ ಜಗ್ಗಲಿಲ್ಲ. ಎಡಗಣ್ಣು ಹುಟ್ಟಿನಿಂದಲೇ ಸೋಮಾರಿ. ಅದಕ್ಕೆ ನೆರಳು ಬೆಳಕು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬಲಗಣ್ಣು ಹೋದರೆ ಅವನಿಗೆ ಮರವೂ ಕಾಣದು, ಹೆಂಡತಿಯ ಮುಖವೂ ಕಾಣದು.

ಅವತ್ತೇ ಶಸ್ತ್ರಚಿಕಿತ್ಸೆ. ದೊಡ್ಡ ಡಾಕ್ಟರಿಗೆ ಅದಕ್ಕೆ ಮೊದಲು ಬೇಕಾಗಿದ್ದದ್ದು ಒಂದೇ ಉತ್ತರ: ಬೂಷ್ಟಿನ ಎಳೆಗಳು ಎಷ್ಟು ಆಳಕ್ಕೆ ಇಳಿದಿವೆ? ಹೊರಗಿನ ಪದರಗಳಲ್ಲೇ ಇದ್ದರೆ ಅಷ್ಟನ್ನು ಮಾತ್ರ ಕೆತ್ತಿ ತೆಗೆದರಾಯಿತು. ಆಗ ದಾನವಾಗಿ ಬಂದ ಕಾರ್ನಿಯಾದ ಒಳಪೊರೆಯನ್ನು ಸುಲಿದುಹಾಕಿ, ಉಳಿದ ಬಿಲ್ಲೆಯನ್ನು ಮೇಲೆ ಕೂರಿಸಿ ಹೊಲಿಯುತ್ತಾರೆ. ರೋಗಿಯ ಸ್ವಂತ ಒಳಪೊರೆ ಉಳಿಯುತ್ತದೆ. ಎಳೆಗಳು ಆಳಕ್ಕೆ ಇಳಿದಿದ್ದರೆ ಪೂರ್ತಿ ದಪ್ಪವನ್ನೇ ಬದಲಿಸಬೇಕು, ಅದಕ್ಕೆ ಒಳಪೊರೆ ಸಮೇತದ ದಾನದ ಬಿಲ್ಲೆ ಬೇಕು. ಆಳದ್ದನ್ನು ಬಿಟ್ಟು ಮೇಲಿನದನ್ನಷ್ಟೇ ತೆಗೆದರೆ ಹೊಸ ಬಿಲ್ಲೆಯಡಿ ಬೂಷ್ಟು ಬೆಚ್ಚಗೆ ಬೆಳೆದು ಕಣ್ಣಿನ ಒಳಕ್ಕೇ ನುಗ್ಗುತ್ತದೆ. ಆಮೇಲೆ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾಗಿ ಬರಬಹುದು. ಆಸ್ಪತ್ರೆಯಲ್ಲಿ ಅವತ್ತು ಇದ್ದದ್ದು ಒಂದೇ ಒಂದು ದಾನದ ಕಾರ್ನಿಯಾ.

"ಕದಲಬೇಡಿ. ಎಡಗಣ್ಣಲ್ಲಿ ಆ ಹಸಿರು ದೀಪ ನೋಡ್ತಾ ಇರಿ."

"ಯಾವ ದೀಪ ಮೇಡಂ? ಆ ಕಣ್ಣಿಗೆ ದೀಪಾನೂ ಒಂದೇ, ದೆವ್ವಾನೂ ಒಂದೇ."

ದೀಪದ ಮೇಲೆ ನೋಟ ನಿಲ್ಲದೆ ಅವನ ಕಣ್ಣು ತೇಲುತ್ತಿತ್ತು. ಯಂತ್ರದ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರಗಳೆಲ್ಲ ಜಾರುತ್ತಿದ್ದವು. ಇನ್ನೊಂದ್ಸಲಕ್ಕ ಬಾಗಿಲ ಬಳಿ ನಿಂತಿದ್ದ ಅವನ ಹೆಂಡತಿಯತ್ತ ತಿರುಗಿದಳು.

"ಅಮ್ಮಾ, ಒಳಗೆ ಬನ್ನಿ. ಆ ಮೂಲೇಲಿ ನಿಂತ್ಕೊಂಡು ಮಾತಾಡ್ತಾ ಇರಿ. ನಿಮ್ಮ ದನಿ ಬರೋ ಕಡೆ ಇವರು ಕಣ್ಣು ನಿಲ್ಲಿಸ್ಲಿ."

"ಏನ್ ಮಾತಾಡ್ಲಿ?"

"ಏನಾದ್ರೂ. ಬೇಕಾದ್ರೆ ಬೈರಿ."

"ಅಯ್ಯೋ, ಇಲ್ಲಿ ಬೈಯೋಕೂ ಅಪ್ಪಣೆ ಸಿಗತ್ತಾ?" ಎಂದವಳೇ ಸೆರಗು ಸಿಕ್ಕಿಸಿಕೊಂಡು ಶುರುವಿಟ್ಟುಕೊಂಡಳು. "ಕನ್ನಡಕ ಹಾಕ್ಕೊಳ್ರೀ, ಕನ್ನಡಕ ಹಾಕ್ಕೊಳ್ರೀ ಅಂತ ಬಡ್ಕೊಂಡೆ. ಹಾಕ್ಕೊಂಡ್ರಾ? ಕಿವಿ ಮೇಲೆ ಪೆನ್ಸಿಲ್ಲಿಗೆ ಜಾಗ ಇದೆ, ಕನ್ನಡಕಕ್ಕೆ ಇಲ್ಲ! ಕಂಡೋರ ಮನೆಗೆಲ್ಲ ಬಾಗ್ಲು ಮಾಡ್ಕೊಡ್ತೀರಿ, ನಮ್ಮನೆ ಬಚ್ಚಲಿಗೆ ಇವತ್ತಿಗೂ ಗೋಣಿತಾಟು."

"ಅದನ್ನ ಮೇಡಂ ಹತ್ರ ಯಾಕೆ ಹೇಳ್ತೀಯೇ..."

"ನೀವು ಬಾಯಿ ಮುಚ್ಚಿ, ಕಣ್ಣು ಅಲ್ಲಾಡತ್ತೆ!"

ಕಣ್ಣು ನಿಂತಿತು. ಬೈಗುಳ ನಡೆದಷ್ಟು ಹೊತ್ತೂ ನಿಂತಿತು. ಇನ್ನೊಂದ್ಸಲಕ್ಕ ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದಳು. ಮೊದಲು ಹಾಸುಗಲ್ಲಿನಂಥ ಮೇಲ್ಮೈ ಕಣಗಳು. ಆಮೇಲೆ ಕೂದಲೆಳೆಯಂಥ ನರಗಳು. ಅದರಾಚೆ, ಕತ್ತಲಲ್ಲಿ ಹೊಳೆಯುವ ಚುಕ್ಕೆಗಳ ನಡುವೆ ಬೂಷ್ಟಿನ ಎಳೆಗಳು ಅಲ್ಲೊಂದು ಇಲ್ಲೊಂದು, ತುಂಡುತುಂಡಾಗಿ, ಮಾಸಿಹೋಗಿ ಕಂಡವು. ಔಷಧಿ ಅಲ್ಲಿಯವರೆಗೆ ತಲುಪಿತ್ತು. ಮುಂದಕ್ಕೆ ತಿರುಗಿಸಿದಳು. ಎಳೆಗಳು ದಪ್ಪವಾದವು. ಇನ್ನೂ ಮುಂದಕ್ಕೆ ಹೋದರೆ ಒಣಗಿದ ಪೊದೆಯ ಕಡ್ಡಿಗಳ ಹಾಗೆ ಕವಲೊಡೆದು, ಒಂದರೊಳಗೊಂದು ಹೆಣೆದುಕೊಂಡು ಬೆಳ್ಳಗೆ ಹೊಳೆದವು. ಕೊನೆಗೆ ಜೇನುಗೂಡಿನ ಕೋಣೆಗಳಂಥ ಒಳಪೊರೆಯ ಕಣಗಳು. ಅಲ್ಲಿ ಎಳೆ ಇರಲಿಲ್ಲ. ಆದರೆ ಅದಕ್ಕೆ ತುಸು ಈಚೆಯವರೆಗೂ ಇದ್ದವು.

ಮೂಲೆಯಲ್ಲಿ ಕಾಣುವ ಆಳದ ಅಂಕಿ ಮಾತ್ರ ಪ್ರತಿಸಲವೂ ಒಂದಿಷ್ಟು ಹೆಚ್ಚುಕಡಿಮೆ ತೋರಿಸುತ್ತಿತ್ತು. ಅವಳು ಮೂರು ಸಲ ನೋಡಿದಳು. ನಾಲ್ಕನೆಯ ಸಲಕ್ಕೆ ಕೈ ಹಾಕುವಷ್ಟರಲ್ಲಿ ಬಡಗಿಯ ಕಣ್ಣಲ್ಲಿ ನೀರಿಳಿಯಿತು. ವಾರ್ಡಿನವರು ಬಂದು ಅವನನ್ನು ಕರೆದುಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ದೊಡ್ಡ ಡಾಕ್ಟರು.

"ಹೇಳಿ ಅಮ್ಮ, ಏನ್ ಕಾಣ್ತು? ನಮಗಿಲ್ಲಿ ಒಂದು ಚಿತ್ರಾನೂ ಬಂದಿಲ್ಲ."

"ಕಂಪ್ಯೂಟರ್ ಲೈನು ಬೆಳಗ್ಗೆಯಿಂದ ಸತ್ತಿದೆ ಸಾರ್. ನಾನು ಮೂರು ಸಲ ನೋಡ್ದೆ. ಆದ್ರೂ ಕಣ್ಣು ಸ್ವಲ್ಪ ಅಲ್ಲಾಡ್ತಿತ್ತು, ಅಳತೇಲಿ ಹೆಚ್ಚುಕಮ್ಮಿ ಆಗಿರಬಹುದು..."

"ಅದಿರ್ಲಿ. ಎಳೆ ಎಲ್ಲಿದೆ ಹೇಳಿ. ಕೈ ತೊಳ್ಕೊಂಡು ನಿಂತಿದೀನಿ, ಸಿಸ್ಟರ್ ನನ್ನ ಕಿವಿಗೆ ಫೋನ್ ಹಿಡ್ಕೊಂಡಿದಾರೆ."

"ಮುಂದಿನ ಪದರಗಳಲ್ಲೇ ಜಾಸ್ತಿ ಸಾರ್. ಹಿಂದಿನ ಪದರಗಳಲ್ಲಿ ಅಷ್ಟಿಲ್ಲ, ಅಲ್ಲಿ ಔಷಧಿ ಕೆಲಸ ಮಾಡಿದೆ."

"ಹಿಂದೆ ಇಲ್ಲ ಅಲ್ವಾ?"

"ಇಲ್ಲ ಅನ್ನೋ ಅಷ್ಟು ಕಮ್ಮಿ ಸಾರ್."

"ಒಳ್ಳೇದು."

ಫೋನು ಕಟ್ಟಾಯಿತು. 'ಒಳ್ಳೇದು' ಎಂಬ ಮಾತು ಅವಳ ಕಿವಿಯಲ್ಲಿ ಹರಳು ಸಿಕ್ಕ ಹಾಗೆ ಸಿಕ್ಕಿಕೊಂಡಿತು. ಇದರಲ್ಲಿ ಒಳ್ಳೇದೇನು ಬಂತು? ಡಾಕ್ಟರುಗಳು ಎಲ್ಲದಕ್ಕೂ ಒಳ್ಳೇದು ಅಂತಾರೆ, ಸಾವಿಗೂ ಅಂತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಲೆನ್ಸಿಗೆ ಅಂಟಿದ್ದ ಜೆಲ್ಲನ್ನು ಒರೆಸತೊಡಗಿದಳು.

ಒರೆಸಿ, ಮತ್ತೊಮ್ಮೆ ಒರೆಸಿ, ಮುಂದಿನ ರೋಗಿಯ ಚೀಟಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಬಡಗಿಯ ಹೆಂಡತಿ ಪರದೆ ಸರಿಸಿದಳು. ಮುಖ ಅರಳಿತ್ತು.

"ಅಕ್ಕಾ, ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು."

"ಯಾಕಮ್ಮಾ?"

"ಒಳಗೆ ಕರ್ಕೊಂಡು ಹೋಗೋ ಮುಂಚೆ ದೊಡ್ಡ ಡಾಕ್ಟ್ರೇ ಹೇಳಿ ಕಳಿಸಿದ್ರು. ಬೂಷ್ಟು ಮೇಲ್ಮೇಲೇ ಇದೆಯಂತೆ. ಅಷ್ಟನ್ನ ಕೆತ್ತಿ ತೆಗೆದ್ರೆ ಆಯ್ತಂತೆ, ಒಳಗಡೆದು ಇವರ ಸ್ವಂತದ್ದೇ ಉಳಿಯತ್ತಂತೆ. ನಿಮ್ಮ ಯಂತ್ರದಲ್ಲೇ ಗೊತ್ತಾಯ್ತಂತಲ್ಲ!"

"ಮೇಲ್ಮೇಲೆ ಅಂದ್ರಾ?"

"ಹೂಂ. ಮುಂದಿನ ಪದರದಲ್ಲಿ ಮಾತ್ರ ಅಂತ."

ಇನ್ನೊಂದ್ಸಲಕ್ಕನ ಕೈಯಿಂದ ಚೀಟಿ ಜಾರಿತು. ಅವಳಿಗೆ ಮುಂದಿನ ಪದರ ಎಂದರೆ ಚಕ್ರ ಮುಂದಕ್ಕೆ ತಿರುಗಿಸಿದಾಗ ಬರುವ ಪದರ, ಅಂದರೆ ಒಳಗಿನದು. ಹಿಂದಿನದು ಎಂದರೆ ಆಗಲೇ ನೋಡಿ ದಾಟಿಬಂದದ್ದು, ಅಂದರೆ ಹೊರಗಿನದು. ಸಂಜೆ ತರಗತಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು, ಈ ಕೋಣೆಯಲ್ಲಿ ಅವಳೂ ದಿನಾ ಹಾಗೇ ಅಂದುಕೊಳ್ಳುತ್ತಿದ್ದಳು. ಆದರೆ ಚಾಕು ಹಿಡಿದವನಿಗೆ ಕಣ್ಣಿನ ಮುಂದಿನ ಪದರ ಎಂದರೆ ಲೋಕಕ್ಕೆ ಮುಖ ಮಾಡಿರುವ ಪದರ. ಹಿಂದಿನದು ಎಂದರೆ ಆಳದ್ದು. ಇಬ್ಬರೂ ಅದೇ ಎರಡು ಮಾತು ಆಡಿದ್ದರು. ಇಬ್ಬರಿಗೂ ಅರ್ಥವಾಗಿದ್ದದ್ದು ಒಂದಕ್ಕೊಂದು ಪೂರಾ ಉಲ್ಟಾ. ಬೇರೆ ದಿನಗಳಲ್ಲಿ ಚಿತ್ರಗಳು ಮಾತಿಗಿಂತ ಮೊದಲೇ ಅವರ ಪರದೆಗೆ ಹೋಗಿರುತ್ತಿದ್ದುದರಿಂದ ಈ ಮಾತು ಯಾರನ್ನೂ ಕಚ್ಚಿರಲಿಲ್ಲ.

ಅವಳು ಫೋನೆತ್ತಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹಚ್ಚಿದಳು. ಅದು ಬಡಿದುಕೊಂಡಿತು, ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಹಚ್ಚಿದಳು. ಕೆಲಸ ಶುರುವಾದ ಮೇಲೆ ಅಲ್ಲಿ ಯಾರೂ ಫೋನೆತ್ತುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.

"ಏನಾಯ್ತಕ್ಕಾ?"

ಅವಳು ಕಂಪ್ಯೂಟರಿನ ಮುಂದೆ ಕೂತು, ಅದರಲ್ಲಿ ಉಳಿದಿದ್ದ ಬಡಗಿಯ ಕಣ್ಣಿನ ಚಿತ್ರಗಳನ್ನು ತೆರೆದಳು. ನಾನೇ ತಪ್ಪು ನೋಡಿದ್ದರೆ? ಓಡಿಹೋಗಿ ಆಳದಲ್ಲಿದೆ ಎಂದು ಕೂಗಿ, ಆಮೇಲೆ ಅದು ಮೇಲೆಯೇ ಇದ್ದರೆ? ಒಳ್ಳೆಯ ಒಳಪೊರೆಯನ್ನು ಸುಮ್ಮನೆ ಕತ್ತರಿಸಿ ಹಾಕಿಸಿದ ಪಾಪ ಯಾರ ತಲೆಗೆ? ಆಳದ ಅಂಕಿಯ ಕಡೆ ಕಣ್ಣು ಹಾಯಿಸಲಿಲ್ಲ. ಅಂಕಿ ಕಣ್ಣಿನ ಜೊತೆ ಅಲ್ಲಾಡುತ್ತದೆ. ಜೇನುಗೂಡು ಅಲ್ಲಾಡುವುದಿಲ್ಲ, ಅದು ಕಾರ್ನಿಯಾದ ಕಟ್ಟಕಡೆಯ ಗೋಡೆ. ಅಲ್ಲಿಂದ ಒಂದೊಂದೇ ಪದರ ಹೊರಕ್ಕೆ ಬಂದಳು. ಖಾಲಿ. ಖಾಲಿ. ಆಮೇಲೆ ಕಡ್ಡಿಗಳು, ಪೊದೆ ಪೊದೆಯಾಗಿ. ಗೋಡೆಗೆ ಒರಗಿಕೊಂಡ ಹಾಗೇ ಇದ್ದವು.

ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ಎತ್ತದೆ ಓಡಿದಳು.

ಲಿಫ್ಟಿನ ಬಾಗಿಲಲ್ಲಿ ತಳ್ಳುಗಾಡಿಯೊಂದು ಅಡ್ಡ ನಿಂತಿತ್ತು. ಮೆಟ್ಟಿಲು ಹಿಡಿದಳು. ಹಿಂದೆ ಬಡಗಿಯ ಹೆಂಡತಿಯ ಚಪ್ಪಲಿಯ ಸದ್ದು ಪಟಪಟ ಬರುತ್ತಲೇ ಇತ್ತು. ಎರಡನೆಯ ಮಹಡಿಯ ಕೊನೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅದರ ಕೆಳಗೆ, ನೆಲದ ಮೇಲೆ ಬಳಿದ ಹಳದಿ ಗೆರೆಯ ಆಚೆ, ಬಾಗಿಲು ಕಾಯುವ ಸಿಸ್ಟರ್ ಎದ್ದು ನಿಂತರು.

"ಎಲ್ಲಿಗೆ? ಗೆರೆ ದಾಟಬೇಡಿ!"

"ದೊಡ್ಡ ಡಾಕ್ಟ್ರಿಗೆ ಒಂದ್ಮಾತು ಸಿಸ್ಟರ್. ಈಗ್ಲೇ ಹೇಳ್ಬೇಕು."

"ಕಣ್ಣು ತೆರೆದಿಟ್ಟು ಕೂತಿದಾರೆ. ಈಗ ಅವರಪ್ಪ ಬಂದ್ರೂ ಮಾತಿಲ್ಲ."

"ಆ ಕಣ್ಣಿನ ವಿಷಯಾನೇ. ನಾನು ಹೇಳಿದ್ದು ಅವರಿಗೆ ತಿರುಗಾಮುರುಗಾ ಆಗಿದೆ."

"ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತಾ?" ಸಿಸ್ಟರ್ ದನಿ ಕೆಟ್ಟದ್ದೇನಲ್ಲ, ದಣಿದದ್ದು. "ಮೊನ್ನೆನೂ ಹೀಗೇ ಏದುಸಿರು ಬಿಡ್ತಾ ಬಂದ್ರಿ. ಕೆಲಸ ನಿಲ್ಲಿಸಿ ಕೇಳಿದ್ರೆ ಏನೂ ಇರ್ಲಿಲ್ಲ. ಅವತ್ತು ಬೈಸ್ಕೊಂಡೋಳು ನಾನು."

ಅದು ನಿಜ. ಮೊನ್ನೆ ಏನೂ ಇರಲಿಲ್ಲ. ಮೊನ್ನೆಯ ಹಾಗೆ ಇವತ್ತೂ ಇದು ತನ್ನ ತಲೆಯೊಳಗಿನ ಹುಳವೇ ಇರಬಹುದು. ಬಾಗಿಲಾಚೆಯಿಂದ ಪಾತ್ರೆಗೆ ಉಕ್ಕು ತಾಗಿದ ಸಣ್ಣ ಸದ್ದು ಕೇಳಿತು. ಚಿಮಟವನ್ನು ಇಟ್ಟರೋ, ಎತ್ತಿಕೊಂಡರೋ?

ಅವಳು ಚಪ್ಪಲಿ ಬಿಟ್ಟಳು. ಗೆರೆ ದಾಟಿದಳು. ಸಿಸ್ಟರ್ "ಏಯ್, ಏಯ್" ಎನ್ನುತ್ತಿರುವಾಗಲೇ ಒಳಗಿನವರ ಜೊತೆ ಮಾತಾಡಲೆಂದು ಗೋಡೆಗೆ ಹಾಕಿದ್ದ ಮಾತಿನ ಪೆಟ್ಟಿಗೆಯ ಗುಂಡಿ ಒತ್ತಿಹಿಡಿದಳು.

"ಸಾರ್, ದಾನದ ಬಿಲ್ಲೇದು ಒಳಪೊರೆ ಸುಲೀಬೇಡಿ."

ಆಮೇಲೆ ಪೆಟ್ಟಿಗೆಯಿಂದ ದೊಡ್ಡ ಡಾಕ್ಟರ ದನಿ: "ಯಾರದು?"

"ಕಾನ್‌ಫೋಕಲ್ ಕೋಣೆಯಿಂದ ಸಾರ್. ಎಳೆ ಇರೋದು ಆಳದಲ್ಲಿ. ನಾನು ಮುಂದಿನ ಪದರ ಅಂದದ್ದು ಕಣ್ಣಿನ ಮುಂಭಾಗ ಅಲ್ಲ. ಚಕ್ರ ತಿರುಗಿಸ್ತಾ ಹೋದ್ರೆ ಆಮೇಲೆ ಬರೋದು. ಒಳಗಿನದು."

"ಹಿಂದೆ ಇಲ್ಲ ಅಂದ್ರಲ್ಲ?"

"ಹಿಂದೆ ಅಂದ್ರೆ ಹೊರಗೆ ಸಾರ್!"

ಒಳಗಿನಿಂದ ಇನ್ನೊಂದು ದನಿ ಕೇಳಿತು. ಬಡಗಿಯದು. ಕಣ್ಣಿಗೆ ಮಾತ್ರ ಮರಗಟ್ಟುವ ಮದ್ದು ಕೊಟ್ಟಿದ್ದರು, ಅವನಿಗೆ ಎಲ್ಲ ಎಚ್ಚರವಿತ್ತು. "ಏನ್ ಸ್ವಾಮೀ, ನನ್ನ ವಿಷಯಾನಾ?"

"ನೀವು ಅಲ್ಲಾಡಬೇಡಿ," ಎಂದರು ಡಾಕ್ಟರು. ಮತ್ತೆ ಪೆಟ್ಟಿಗೆಗೆ: "ಅಳತೇಲಿ ಹೆಚ್ಚುಕಮ್ಮಿ ಆಗಿರಬಹುದು ಅಂತ ನೀವೇ ಹೇಳಿದ್ರಿ. ಈಗ ಯಾವುದನ್ನ ನಂಬ್ಲಿ?"

"ಅಳತೆ ಬಿಡಿ ಸಾರ್. ಒಳಪೊರೆ ಜೇನುಗೂಡು ಕಾಣತ್ತಲ್ಲ, ಅದರ ಪಕ್ಕದವರೆಗೂ ಎಳೆ ಇದೆ. ಕಣ್ಣು ಎಷ್ಟೇ ಅಲ್ಲಾಡ್ಲಿ, ಅದರ ಪಕ್ಕ ಅಂದ್ರೆ ಪಕ್ಕಾನೇ."

ಆಮೇಲೆ ಬೇರೆ ಕಡೆ ತಿರುಗಿದ ದನಿ, ಆ ಕಡೆಯ ಮೇಜಿನಲ್ಲಿ ದಾನದ ಬಿಲ್ಲೆ ಹಿಡಿದಿದ್ದ ಕಿರಿಯ ಡಾಕ್ಟರಿಗೆ: "ಕೈ ತೆಗೀರಿ. ಒಳಪೊರೆ ಎಷ್ಟು ಎದ್ದಿದೆ?"

"ಅಂಚು ಮಾತ್ರ ಸಾರ್. ಉಗುರಿನ ತುದಿಯಷ್ಟು."

"ಹಾಗೇ ಬಿಡಿ. ಒಂದು ಹನಿ ದ್ರವ ಹಾಕಿ ಮುಚ್ಚಿಡಿ." ಪೆಟ್ಟಿಗೆ ಗರಗರ ಎಂದಿತು. "ಅಮ್ಮಾ, ನಾನು ನೋಡದೆ ಕತ್ತರಿಸಲ್ಲ. ಚಿತ್ರ ಹೇಗಾದ್ರೂ ಮಾಡಿ ತನ್ನಿ."

ಅವಳು ಬರಿಗಾಲಲ್ಲಿ ಮೆಟ್ಟಿಲಿಳಿದಳು. ಪರದೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಹಿಡಿದಳು. ಮೊದಲನೆಯದು ಅವಸರಕ್ಕೆ ಕಲಸಿಹೋಯಿತು, ಮತ್ತೆ ತೆಗೆದಳು. ಜೇನುಗೂಡಿನಿಂದ ಹಿಡಿದು ಹೊರಗಿನ ನರಗಳವರೆಗೂ ತೆಗೆದು, ಮತ್ತೆ ಮೇಲೆ ಓಡಿದಳು. ಈಗ ಸಿಸ್ಟರೇ ಕೈ ಚಾಚಿದರು. ಮೊಬೈಲನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು ಒಳಗೆ ಹೋದರು. ಅರೆತೆರೆದ ಬಾಗಿಲಿನಿಂದ ಅವರ ದನಿ ಬಂತು.

"ಯಾವ ಕಡೆ ಸರಿಸ್ಲಿ? ಇದರ ಮುಂದಿನದಾ?"

"ಆ ಪದ ಬೇಡ ಸಿಸ್ಟರ್!" ಡಾಕ್ಟರೂ ಇನ್ನೊಂದ್ಸಲಕ್ಕನೂ ಒಟ್ಟಿಗೇ ಕೂಗಿದರು.

"ಮೊದ್ಲು ಕಾಣೋದು ಜೇನುಗೂಡು," ಎಂದು ಅವಳು ಬಾಗಿಲಿನಿಂದಲೇ ಹೇಳಿದಳು. "ಅಲ್ಲಿಂದ ಹೊರಗೆ ಬರೋ ಕ್ರಮದಲ್ಲಿ ತೆಗೆದಿದೀನಿ ಸಾರ್. ಕೊನೇದು ನರಗಳು."

ಸಿಸ್ಟರ್ ಒಂದೊಂದೇ ಚಿತ್ರ ಸರಿಸುತ್ತ ಡಾಕ್ಟರಿಗೆ ತೋರಿಸಿದರು. ಅವರು ಒಮ್ಮೆ "ಅಲ್ಲೇ ನಿಲ್ಲಿಸಿ" ಎಂದರು. ಒಮ್ಮೆ "ವಾಪಸ್ಸು" ಎಂದರು. ಆಮೇಲೆ, "ಪೂರ್ತಿ ದಪ್ಪ ಬದಲಿಸ್ತೀವಿ. ಬಿಲ್ಲೇಲಿ ಎದ್ದಿರೋ ಆ ಅಂಚು ಹೇಗೂ ಹೊಲಿಗೆಯ ಹತ್ರ ಬರತ್ತೆ, ನಡೆಯತ್ತೆ. ಬಾಗಿಲು ಹಾಕಿ."

ಬಾಗಿಲು ಮುಚ್ಚಿತು.

ಅವಳು ತಿರುಗಿದಾಗ ಬಡಗಿಯ ಹೆಂಡತಿ ಗೆರೆಯ ಈಚೆ ಗೋಡೆಗೆ ಒರಗಿ ನಿಂತಿದ್ದಳು. ಮಾತಿನ ಪೆಟ್ಟಿಗೆಯ ಮಾತೆಲ್ಲ ಅವಳಿಗೂ ಕೇಳಿತ್ತು.

"ಮೇಲ್ಮೇಲೆ ಅಲ್ವಾ ಹಾಗಾದ್ರೆ."

"ಅಲ್ಲ."

"ನೀವು ಬರದೇ ಇದ್ದಿದ್ರೆ ಒಳಗಡೆದು ಹಾಗೇ ಬಿಟ್ಟು ಹೊಲಿದುಬಿಡ್ತಿದ್ರಾ?"

"ಹೂಂ."

"ಒಂದು ಮಾತಿಗೆ?"

ಇನ್ನೊಂದ್ಸಲಕ್ಕ ಸುಮ್ಮನೆ ತಲೆಯಾಡಿಸಿದಳು. ನಾನು ಹೇಳಿದ ಮಾತಿಗೆ ಎನ್ನಬೇಕೆಂದುಕೊಂಡಳು, ಆಗಲಿಲ್ಲ.

"ಈಗ ಕಣ್ಣು ಉಳಿಯತ್ತಾ?"

"ಗೊತ್ತಿಲ್ಲಮ್ಮ. ಎಲ್ಲಾನೂ ತೆಗೆದಿದಾರಾ ಅಂತ ಆಮೇಲೇ ಗೊತ್ತಾಗೋದು."

ಹೆಂಡತಿ ಅಲ್ಲಿದ್ದ ಬೆಂಚಿನ ಒಂದು ತುದಿಯಲ್ಲಿ ಕೂತಳು. ಇನ್ನೊಂದ್ಸಲಕ್ಕ ಮೆಟ್ಟಿಲ ಕಡೆ ಒಂದು ಹೆಜ್ಜೆ ಇಟ್ಟದ್ದೇ ತಡ, ಹೆಂಡತಿ ತಡೆದಳು.

"ಎಲ್ಲಿಗೆ ಹೋಗ್ತೀರಿ? ಇಲ್ಲೇ ಕೂತ್ಕೊಳ್ಳಿ. ಅವರು ಆಚೆ ಬರೋವರೆಗೂ ನೀವೆಲ್ಲೂ ಹೋಗಬಾರದು."

ಅದು ವಿಶ್ವಾಸವೋ, ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ಕೂತಳು. ಇಬ್ಬರ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆದು ಸಿಸ್ಟರ್ ಒಂದು ಪುಟ್ಟ ಡಬ್ಬಿ ಹಿಡಿದು ಬಂದರು. ಒಳಗೆ, ದ್ರವದಲ್ಲಿ, ಬಡಗಿಯ ಕಣ್ಣಿನಿಂದ ತೆಗೆದ ಬಿಲ್ಲೆ. ಒಂದು ಸಣ್ಣ ಗುಂಡಿಯಷ್ಟಿತ್ತು, ನಡುವೆ ಬೂದು ಕಲೆ.

"ಲ್ಯಾಬಿಗೆ ಹೋಗೋ ಮುಂಚೆ ನಿಮ್ಮ ಯಂತ್ರದಲ್ಲಿ ನೋಡ್ಬೇಕಂತೆ. ಎಳೆ ಒಳಗಡೆ ದಾಟಿದ್ಯಾ, ಸುತ್ತಲಿನ ಅಂಚಲ್ಲಿ ಉಳಿದಿದ್ಯಾ. ಹೊಲಿಗೆ ಇನ್ನೂ ಮುಗಿದಿಲ್ಲ, ಕಾಯ್ತಿದಾರೆ."

ಬಡಗಿಯ ಹೆಂಡತಿ ಡಬ್ಬಿಯತ್ತ ನೋಡಿ ಥಟ್ಟನೆ ಮುಖ ತಿರುಗಿಸಿದಳು. ಆಮೇಲೆ ತಾನೇ ಎದ್ದು, ಇನ್ನೊಂದ್ಸಲಕ್ಕನ ಚಪ್ಪಲಿಗಳನ್ನು ಗೆರೆಯ ಬಳಿಯಿಂದ ಕಾಲಲ್ಲಿ ಅವಳತ್ತ ತಳ್ಳಿದಳು.

"ಹಾಕ್ಕೊಂಡು ಹೋಗಿ. ಜಾರಿ ಬಿದ್ದು ಅದನ್ನ ಚೆಲ್ಲೀರಿ."

ಕೋಣೆಯಲ್ಲಿ ಬಿಲ್ಲೆಯನ್ನು ಗಾಜಿನ ಮೇಲೆ ಒಳಮೈ ಮೇಲಾಗಿ ಇಟ್ಟಳು. ಈಗ ಅದು ಉಸಿರಾಡುವುದಿಲ್ಲ, ತೇಲುವುದಿಲ್ಲ, ಬೈದು ನಿಲ್ಲಿಸಬೇಕಾಗಿಲ್ಲ. ಲೇಸರ್ ಸಾಲುಸಾಲಾಗಿ ಓಡಿತು. ಪದರಗಳು ಒಂದರ ಕೆಳಗೊಂದು ಕೂಡಿಕೊಂಡವು. ಅವಳು ಆ ಪದರಗಳ ಇಡೀ ಕಟ್ಟನ್ನು ಪರದೆಯ ಮೇಲೆ ಓರೆಯಾಗಿ ತಿರುಗಿಸಿ ಪಕ್ಕದಿಂದ ನೋಡಿದಳು. ನಡುವೆ ಪೊದೆ, ಅದರ ಬೇರುಗಳೆಲ್ಲ ಒಳಗೋಡೆಯ ಕಡೆಗೇ ಚಾಚಿದ್ದವು. ಒಂದು ಎಳೆ ಗೋಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ಆ ಜಾಗವನ್ನು ಹಿಗ್ಗಿಸಿ, ಒಂದೊಂದೇ ಪದರ ತಿರುಗಿಸಿದಳು. ಜೇನುಗೂಡಿನಲ್ಲಿ ಒಂದೂ ಕೋಣೆ ಒಡೆದಿರಲಿಲ್ಲ. ಎಳೆ ತಡಕಾಡಿ ನಿಂತಿತ್ತು, ದಾಟಿರಲಿಲ್ಲ. ಸುತ್ತಲಿನ ಅಂಚನ್ನು ಒಂದು ಸುತ್ತು ಪೂರ್ತಿ ನೋಡಿದಳು. ಶುಚಿ.

ಈ ಸಲ ಫೋನನ್ನು ತಕ್ಷಣ ಎತ್ತಿಕೊಂಡರು.

"ಸಾರ್, ಕಣ್ಣಿನ ಒಳಗಡೆ ಮುಖ ಮಾಡಿರೋ ಮೈ, ಅಲ್ಲಿ ಎಳೆ ದಾಟಿಲ್ಲ. ಜೇನುಗೂಡು ಪೂರ್ತಿ ಇದೆ. ಕತ್ತರಿಸಿದ ಅಂಚಿನ ಸುತ್ತಲೂ ಎಲ್ಲೂ ಎಳೆ ಇಲ್ಲ."

"ಕಣ್ಣಿನ ಒಳಗಡೆ ಮುಖ ಮಾಡಿರೋ ಮೈ. ಅಲ್ಲಿ ದಾಟಿಲ್ಲ. ಅಂಚು ಶುಚಿ. ಇಷ್ಟೇ ತಾನೆ?"

"ಇಷ್ಟೇ ಸಾರ್."

"ಹೂಂ. ಬೆಳಗ್ಗೆ ನಾನೂ ಹೀಗೇ ತಿರುಗಿಸಿ ಕೇಳ್ಬೇಕಿತ್ತು," ಎಂದು ಫೋನಿಟ್ಟರು.

ಆಮೇಲಿನ ದಿನಗಳು ಅವಳಿಗೆ ಊಟ ನಿದ್ದೆ ರುಚಿಸಲಿಲ್ಲ. ಎಳೆ ದಾಟಿಲ್ಲ ಎಂದದ್ದು ತಾನು. ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಚೂರು ಒಳಗೆ ಉಳಿದಿದ್ದರೂ ಸಾಕು. ದಿನಾ ಕೆಲಸ ಮುಗಿಸಿ ವಾರ್ಡಿನ ಬಾಗಿಲವರೆಗೆ ಹೋಗಿ, ಪಟ್ಟಿ ಕಟ್ಟಿದ ಕಣ್ಣನ್ನು ದೂರದಿಂದ ನೋಡಿ ಬರುತ್ತಿದ್ದಳು. ಒಳಗೆ ಕಾಲಿಡುವ ಧೈರ್ಯವಾಗುತ್ತಿರಲಿಲ್ಲ. ಕೊನೆಗೆ ಬಡಗಿಯ ಹೆಂಡತಿಯೇ ಕೂಗಿದಳು.

"ಬಾಗ್ಲಲ್ಲಿ ಯಾಕೆ ನಿಂತ್ಕೋತೀರಿ, ಸಾಲ ವಸೂಲಿಗೆ ಬಂದೋರ ಹಾಗೆ? ಬನ್ನಿ. ಇವತ್ತು ಪಟ್ಟಿ ಬಿಚ್ಚಿ ಪರೀಕ್ಷೆ ಮಾಡ್ತಾರೆ."

ದೊಡ್ಡ ಡಾಕ್ಟರು ಪಟ್ಟಿ ಬಿಚ್ಚಿದರು. ಕಣ್ಣು ಕೆಂಪಗಿತ್ತು, ಹೊಲಿಗೆಗಳು ನಕ್ಷತ್ರದ ಕಡ್ಡಿಗಳ ಹಾಗೆ ಸುತ್ತಲೂ ನಿಂತಿದ್ದವು. ಬಿಲ್ಲೆ ತಿಳಿಯಾಗಿತ್ತು. ಟಾರ್ಚು ಹಾಕಿ ಮೂಲೆಮೂಲೆ ನೋಡಿ, ಬೆರಳುಗಳನ್ನು ಎತ್ತಿ ಹಿಡಿದರು.

"ಎಷ್ಟು?"

"ಮಂಜುಮಂಜು ಸ್ವಾಮಿ... ಎರಡು. ಅಲ್ಲ, ಹೌದು, ಎರಡೇ."

"ಸರಿ." ಅವರು ಹೆಂಡತಿಯ ಕಡೆ ತಿರುಗಿದರು. "ಸದ್ಯಕ್ಕೆ ಬೂಷ್ಟಿನ ಸುಳಿವಿಲ್ಲ. ಆದ್ರೆ ಇನ್ನೂ ಬಹಳ ದಿನ ಕಾಯಬೇಕು, ಹನಿ ತಪ್ಪಿಸಬಾರದು." ಹೋಗುವಾಗ ಇನ್ನೊಂದ್ಸಲಕ್ಕನಿಗೆ ಸಣ್ಣಗೆ ತಲೆಯಾಡಿಸಿ ಹೋದರು.

ಬಡಗಿ ಮಂಚದ ಮೇಲೆ ಕೂತು ಎದುರಿನ ಕಿಟಕಿಯತ್ತ ಮುಖ ಮಾಡಿದ. ಹುಬ್ಬು ಗಂಟಿಕ್ಕಿತು.

"ಆ ಕಿಟಕಿ ಸೊಟ್ಟ ಇದೆ."

"ನೋಡಿದ್ರಾ ಅಕ್ಕಾ? ಕಣ್ಣು ಬಿಟ್ಟ ಕೂಡ್ಲೇ ಹೆಂಡ್ತಿ ಕಾಣಲ್ಲ, ಕಿಟಕಿ ಕಾಣತ್ತೆ!"

ಹೆಂಡತಿ ನಕ್ಕಳು. ಇನ್ನೊಂದ್ಸಲಕ್ಕನಿಗೆ ನಗು ಬರಲಿಲ್ಲ. ಹೊಲಿಗೆ ಒಂದು ಕಡೆ ಬಿಗಿಯಾದರೆ ನೆಟ್ಟಗಿರುವುದೂ ಸೊಟ್ಟ ಕಾಣುತ್ತದೆ. ಬಿಲ್ಲೆ ಊದಿಕೊಂಡರೂ ಹಾಗೇ. ಒಳಗೆ ಏನಾದರೂ ಮತ್ತೆ ಶುರುವಾಗಿದ್ದರೂ ಹಾಗೇ ಇರಬಹುದು. ಡಾಕ್ಟರನ್ನು ವಾಪಸ್ಸು ಕರೆಯಲೇ?

"ಹೇಗೆ ಸೊಟ್ಟ? ಸರಿಯಾಗಿ ಹೇಳಿ," ಎಂದಳು. ದನಿ ಗಡುಸಾಗೇ ಬಂತು.

"ಕಿಟಕಿ ಬಾಗ್ಲಿಗೂ ಚೌಕಟ್ಟಿಗೂ ನಡುವೆ ಬೆಳಕಿನ ಗೆರೆ ಇದೆಯಲ್ಲ. ಮೇಲುಗಡೆ ದಪ್ಪ, ಕೆಳಗೆ ಬರ್ತಾ ಬರ್ತಾ ಸಣ್ಣ."

ಅವಳು ಕಿಟಕಿಯ ಬಳಿ ಹೋದಳು. ಅಲ್ಲಿ ನಿಂತರೆ ಅವಳ ಕಣ್ಣಿಗೆ ಎಲ್ಲ ನೆಟ್ಟಗೇ ಕಂಡಿತು. ಕಿಸೆಯಿಂದ ಪೆನ್ನು ತೆಗೆದು ಮೇಲಿನ ಸಂದಿಗೆ ತೂರಿಸಿದಳು. ಸಲೀಸಾಗಿ ಹೋಯಿತು. ಹಾಗೇ ಕೆಳಕ್ಕೆ ಎಳೆದಳು. ಅರ್ಧ ದಾರಿಯಲ್ಲಿ ಅದು ಬಿಗಿಯಾಗಿ ಸಿಕ್ಕಿಕೊಂಡು ನಿಂತಿತು. ಇನ್ನಷ್ಟು ಒತ್ತಿದಳು, ಜಗ್ಗಲಿಲ್ಲ.

"ಸೊಟ್ಟಾನೇ ಇದೆ," ಎಂದಳು. ಕಣ್ಣಲ್ಲಿ ನೀರು ತುಂಬಿ ಕಿಟಕಿಯೇ ಕಾಣದಾಯಿತು.

"ಮತ್ತೆ!" ಬಡಗಿ ಮಂಚದಿಂದ ಕಾಲು ಇಳಿಬಿಟ್ಟ. "ಮೇಲಿನ ಕೀಲು ಸಡಿಲಾಗಿರತ್ತೆ. ಯಾವನೋ ಕೆಲಸ ಬಾರದೋನು ಕೂರಿಸಿದಾನೆ. ಎಲ್ಲಿ, ಕೈ ಕೊಡೇ, ಹತ್ರ ಹೋಗಿ ನೋಡೋಣ."